ಎರಡು ಪುಸ್ತಕ, ಒಂದೇ ಕೆಲಸ

(ಕಾಸರಗೋಡು ಗಡಿನಾಡಿನ ನಮ್ಮ ಊರ ಸೇವಾ ಸಮಿತಿಯ ವಾರ್ಷಿಕ ಕೂಟದಲ್ಲಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಕಳೆದ 2025ನೇ ವರ್ಷದಲ್ಲಿ ನಮ್ಮ ಸಮಿತಿ ಏನು ಮಾಡಿತು, ಯಾವುದು ಅರ್ಧದಲ್ಲಿ ನಿಂತಿದೆ, ಬರುವ ವರ್ಷಕ್ಕೆ ತಮ್ಮಿಂದ ಏನು ಬೇಕು ಎಂಬುದನ್ನು ತಮ್ಮ ಮುಂದಿಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಹಣದ ಲೆಕ್ಕವನ್ನು ಖಜಾಂಚಿಯವರು ಆಮೇಲೆ ಓದುತ್ತಾರೆ. ನಾವು ಹೇಳುವುದು ಕೆಲಸದ ಲೆಕ್ಕ.

ನಮ್ಮದು ದೊಡ್ಡ ಸಂಘವೇನೂ ಅಲ್ಲ. ಒಟ್ಟು ಹನ್ನೊಂದು ಮಂದಿ. ಬೀಡಿ ಕಟ್ಟುವವರು ಐವರು, ಗೇರುತೋಟದಲ್ಲಿ ದುಡಿದು ನಿವೃತ್ತರಾದವರು ಇಬ್ಬರು, ಆಟೋ ಓಡಿಸುವವರೊಬ್ಬರು, ಅಂಗಡಿ ಇಟ್ಟವರೊಬ್ಬರು, ಶಾಲೆ ಬಿಟ್ಟು ಮನೆಯಲ್ಲಿರುವ ಮಾಸ್ತರರೊಬ್ಬರು, ಚರ್ಚಿನ ಉಪದೇಶಿ ಕೆಲಸದ ಜೊತೆಗೆ ಯೂನಿಯನಿನ ಕಾಗದ ಬರೆಯುವವರೊಬ್ಬರು. ನಮ್ಮಲ್ಲಿ ಎಲ್ಲ ಮತದವರೂ ಉಂಟು. ಮನೆಯಲ್ಲಿ ಕೆಲವರು ತುಳು ಆಡುತ್ತಾರೆ, ಕೆಲವರು ಕೊಂಕಣಿ, ಕೆಲವರು ಮಲಯಾಳ, ಕೆಲವರು ಬ್ಯಾರಿ ಭಾಷೆ. ಓದಲು ಬರೆಯಲು ಕಲಿತದ್ದು ಮಾತ್ರ ಬಹುಮಂದಿ ಕನ್ನಡದಲ್ಲಿ. ಈ ಸಂಗತಿಯನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ಸಮಿತಿ ಹುಟ್ಟಿದ್ದು 2020ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೊನಾ ರೋಗದ ಕಾಲಕ್ಕೆ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯ ರೋಗಿಗಳಿಗೆ ಆಸ್ಪತ್ರೆ ಎಂದರೆ ಮಂಗಳೂರು. ಅಲ್ಲಿಗೆ ತಲುಪಲಾರದೆ ಗಡಿಯ ಈಚೆಗೆ ಪ್ರಾಣಬಿಟ್ಟವರುಂಟು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗಾಗಿ ದಾರಿ ಬಿಡಬೇಕೆಂದು ಆಜ್ಞೆ ಮಾಡಿತು. ಆಗ ಮನೆಮನೆಗೆ ಅಕ್ಕಿ, ಮದ್ದು ತಲುಪಿಸಲು ಸೇರಿದ ಕೆಲವರೇ ಇಂದಿನ ಸಮಿತಿ. ರೋಗ ಹೋಯಿತು, ನಾವು ಚದರಲಿಲ್ಲ.

ಅಂದಿನಿಂದ ನಾವು ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ಸೇವೆಯ ಪುಸ್ತಕ, ಇನ್ನೊಂದು ಅರ್ಜಿಯ ಪುಸ್ತಕ. ಒಂದು ಮನೆಯವರು ಕಷ್ಟ ಹೇಳಿಕೊಂಡು ಬಂದರೆ ಸೇವೆಯ ಪುಸ್ತಕದಲ್ಲಿ ಬರೆದುಕೊಂಡು ಕೈಲಾದದ್ದನ್ನು ಮಾಡುತ್ತೇವೆ. ಅದೇ ಕಷ್ಟ ಮೂರನೆಯ ಮನೆಯಿಂದಲೂ ಬಂದರೆ ಅದನ್ನು ಅರ್ಜಿಯ ಪುಸ್ತಕಕ್ಕೆ ಏರಿಸುತ್ತೇವೆ. ಮೂರು ಮನೆಗೆ ಒಂದೇ ಕಷ್ಟ ಬಂದಿತೆಂದರೆ ಅದು ಆ ಮನೆಯವರ ಗ್ರಹಚಾರವೆಂದು ಸುಮ್ಮನಿರುವಂತಿಲ್ಲ. ಎಲ್ಲಿಯೋ ಒಂದು ಕಚೇರಿಯಲ್ಲಿ, ಒಂದು ನಿಯಮದಲ್ಲಿ ಅದರ ಬೇರು ಉಂಟು. ಬೇರನ್ನು ಬಿಟ್ಟು ಎಲೆಗೆ ನೀರು ಹಾಕಿದರೆ ಗಿಡ ಚಿಗುರುವುದಿಲ್ಲ. ಈ ಮೂರು ಮನೆಯ ನಿಯಮದಿಂದಲೇ ಕಳೆದ ವರ್ಷದ ಕೆಲಸವನ್ನೆಲ್ಲ ಅಳೆಯಬೇಕೆಂದು ನಮ್ಮ ವಿನಂತಿ.

ಮೊದಲು ಬೀಡಿಯ ಮಾತು.

ನಮ್ಮ ಊರಿನಲ್ಲಿ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟದ ಮನೆಯನ್ನು ಹುಡುಕಬೇಕಾಗಿತ್ತು, ಒಂದು ಕಾಲದಲ್ಲಿ. ಈಗ ಎಳೆಯರು ಆ ಕೆಲಸಕ್ಕೆ ಬರುವುದಿಲ್ಲ, ಕಟ್ಟುವವರೆಲ್ಲ ವಯಸ್ಸಾದವರು. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ನೂಲು ಕಟ್ಟಿ, ಸಾವಿರ ಲೆಕ್ಕದಲ್ಲಿ ಬ್ರಾಂಚಿಗೆ ಒಯ್ದು ಕೊಡುವ ಈ ಕೆಲಸ ಮನೆಯೊಳಗೆ ನಡೆಯುವುದರಿಂದ, ನಾವು ಕಾರ್ಮಿಕರು ಹೌದೋ ಅಲ್ಲವೋ ಎಂಬ ಸಂಶಯ ನಮ್ಮ ಹೆಂಗಸರಿಗೇ ಇತ್ತು. ಆ ಸಂಶಯ ಬೇಡ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಎಣಿಸಿತು. 1977ರಲ್ಲಿ ಬೀಡಿ ಉದ್ಯಮ ಪ್ರಾವಿಡೆಂಟ್ ಫಂಡಿನ ಕಾನೂನಿನೊಳಗೆ ಬಂತು. ಮನೆಯಲ್ಲಿ ಕುಳಿತು ಕಟ್ಟುವವರು ನಮ್ಮ ನೌಕರರಲ್ಲ ಎಂದು ಮಾಲಿಕರು ಸುಪ್ರೀಂ ಕೋರ್ಟಿಗೆ ಹೋದರು, 1985ರಲ್ಲಿ ಪಿ. ಎಂ. ಪಟೇಲ್ ಮೊಕದ್ದಮೆಯಲ್ಲಿ ಕೋರ್ಟು ಅವರ ವಾದವನ್ನು ತಳ್ಳಿಹಾಕಿತು. ನಮ್ಮ ತಾಯಂದಿರ ಕೈಗೆ ಇಂದು ಪಿಂಚಣಿ ಎಂದು ನಾಲ್ಕು ಕಾಸು ಬರುವುದಿದ್ದರೆ ಅದು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಹೋರಾಡಿ ಪಡೆದದ್ದು, ಅವರದೇ ದುಡಿಮೆಯ ಮೇಲೆ ಕಟ್ಟಿದ ಹಣ.

ಅದೂ ಎಷ್ಟು? ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಸಿಕ್ಕಿದವರಿಗೆ ಪಿಂಚಣಿ. 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು ಕೇಂದ್ರ ಸರ್ಕಾರ ನಿಗದಿಮಾಡಿತು. ಅಂದಿನ ಸಾವಿರಕ್ಕೆ ಎಷ್ಟು ಅಕ್ಕಿ ಬರುತ್ತಿತ್ತು, ಇಂದು ಎಷ್ಟು ಬರುತ್ತದೆ ಎಂಬುದು ಅಡುಗೆಮನೆಯವರಿಗೆ ಗೊತ್ತು. ಆದರೆ ಆ ಸಾವಿರವೂ ನಿಂತುಹೋದರೆ?

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಒಬ್ಬ ಅಕ್ಕ ನಮ್ಮ ಬಳಿಗೆ ಬಂದರು. ಮೂರು ತಿಂಗಳಿಂದ ಪಿಂಚಣಿ ಬಂದಿರಲಿಲ್ಲ. ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಜೀವನ ಪ್ರಮಾಣವನ್ನು ವರ್ಷಕ್ಕೊಮ್ಮೆ ಕೊಡಬೇಕು. ಅದಕ್ಕೆ ಯಂತ್ರದ ಮೇಲೆ ಬೆರಳು ಒತ್ತಬೇಕು. ಇವರು ಎರಡು ಸಲ ಹೋಗಿ ಒತ್ತಿದರೂ ಯಂತ್ರಕ್ಕೆ ಬೆರಳಿನ ಗುರುತು ಸಿಗಲಿಲ್ಲ. ಸಿಗುವುದು ಹೇಗೆ? ನಲವತ್ತು ವರ್ಷ ಎಲೆ ಸುತ್ತಿದ ಬೆರಳು. ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು. “ನಾನು ಬದುಕಿದ್ದೇನೆ ಅಂತ ಇನ್ನು ಯಾರ ಹತ್ತಿರ ಹೇಳುವುದು ಮಾರಾಯ್ರೆ?” ಎಂದು ಅವರು ಕೇಳಿದರು. ಯಾವ ದುಡಿಮೆಗಾಗಿ ಪಿಂಚಣಿ ಕೊಟ್ಟರೋ ಅದೇ ದುಡಿಮೆ ಬೆರಳಿನ ಗೆರೆಯನ್ನು ಅಳಿಸಿ ಪಿಂಚಣಿಯನ್ನು ನಿಲ್ಲಿಸಿತು.

ಬೆರಳು ಆಗದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣ ಕೊಡುವ ಕ್ರಮ 2021ರಿಂದ ಉಂಟು. ಅಂಚೆಯವರ ಮೂಲಕ ಮನೆಬಾಗಿಲಲ್ಲಿ ಮಾಡಿಸುವ ವ್ಯವಸ್ಥೆಯೂ ಉಂಟು. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ಮಾಸ್ತರರ ಮೊಮ್ಮಗಳು ಒಂದು ಸಂಜೆ ಅಂಗಳದಲ್ಲಿ ಬೆಳಕಿನ ಕಡೆಗೆ ಅವರನ್ನು ಕೂರಿಸಿ ಆ ಕೆಲಸ ಮುಗಿಸಿದಳು. ಬಾಕಿ ಉಳಿದ ಹಣವೂ ಸೇರಿ ಬಂತು. ಇದು ಸೇವೆಯ ಪುಸ್ತಕದ ಮಾತು.

ತಿಂಗಳು ಕಳೆಯುವುದರೊಳಗೆ ಇಂಥ ಎರಡನೆಯ ಮನೆ, ಮೂರನೆಯ ಮನೆ ಬಂತು. ಆಗ ಅರ್ಜಿಯ ಪುಸ್ತಕ ತೆರೆದೆವು. ವರ್ಷಕ್ಕೊಂದು ದಿನ ಊರಿಗೇ ಬಂದು ಬೀಡಿ ಪಿಂಚಣಿದಾರರೆಲ್ಲರ ಪ್ರಮಾಣವನ್ನು ಮುಖ ನೋಡಿ ಮಾಡಿಕೊಡಬೇಕು, ಪ್ರಮಾಣ ಬಾರದವರ ಪಿಂಚಣಿ ನಿಲ್ಲಿಸುವ ಮೊದಲು ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಕಾಗದ ಕಳುಹಿಸಬೇಕು ಎಂದು ಸಂಬಂಧಪಟ್ಟ ಕಚೇರಿಗೆ ಬರೆದೆವು. ಮೊದಲನೆಯದಕ್ಕೆ ಒಪ್ಪಿದರು, ಒಂದು ಶನಿವಾರ ಇಬ್ಬರು ಬಂದು ಸಾಯಂಕಾಲದವರೆಗೆ ಕುಳಿತು ಮಾಡಿಕೊಟ್ಟರು. ಎರಡನೆಯದಕ್ಕೆ ಇನ್ನೂ ಉತ್ತರವಿಲ್ಲ. ಅದು ನಮ್ಮ ಪುಸ್ತಕದಲ್ಲಿ ತೆರೆದೇ ಇದೆ.

ಇನ್ನೊಂದು ತೊಡಕು ಹೆಸರಿನದು. ಬ್ರಾಂಚಿನ ಪುಸ್ತಕದಲ್ಲಿ ಹೆಸರು ಬರೆದವರು ಮಂಗಳೂರು ಕಡೆಯ ಗುಮಾಸ್ತರು. ಗಂಡನ ಹೆಸರು ಸೇರಿಸಿ ಬರೆದರು. ಪಡಿತರ ಚೀಟಿಯಲ್ಲಿ ಮಲಯಾಳದಲ್ಲಿ ಮನೆಹೆಸರು ಸೇರಿಸಿ ಬರೆದರು. ಆಧಾರಿನಲ್ಲಿ ಇಂಗ್ಲಿಷಿನಲ್ಲಿ ಹೇಗೆ ಬಂತೋ ಹಾಗೆ. ಒಬ್ಬಳೇ ಹೆಂಗಸಿಗೆ ಮೂರು ಕಾಗದದಲ್ಲಿ ಮೂರು ಹೆಸರು. ಪ್ರಾವಿಡೆಂಟ್ ಫಂಡಿನವರು ಇವಳೇ ಅವಳೆಂದು ನಂಬುವುದಿಲ್ಲ. ಇದನ್ನು ಸರಿಪಡಿಸಲು ಕಾರ್ಮಿಕಳೂ ಮಾಲಿಕರೂ ಸೇರಿ ಜಂಟಿ ಹೇಳಿಕೆ ಕೊಡಬೇಕು. ಬ್ರಾಂಚ್ ಮುಚ್ಚಿಹೋದಲ್ಲಿ ಮಾಲಿಕರ ರುಜು ತರುವುದು ಎಲ್ಲಿಂದ? ಈ ಕೆಲಸ ಯೂನಿಯನಿನ ಮೂಲಕ ಒಂದೊಂದಾಗಿ ನಡೆಯುತ್ತಿದೆ. ಆದುದರಿಂದ ನಮ್ಮದೊಂದು ಮಾತು: ಹಳೆಯ ಪಾಸ್ ಪುಸ್ತಕ, ಗುರುತಿನ ಚೀಟಿ, ಸಂಬಳದ ತುಂಡು ಚೀಟಿ ಯಾವುದನ್ನೂ ಎಸೆಯಬೇಡಿ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1966ರ ಬೀಡಿ ಕಾನೂನು ಅವುಗಳೊಳಗೆ ಕರಗಿಹೋಗಿದೆ. ಕಾನೂನಿನ ಹೆಸರು ಬದಲಾಗುವ ಕಾಲದಲ್ಲಿ ಹಳೆಯ ಕಾಗದವೇ ಬಡವರ ಸಾಕ್ಷಿ.

ಇನ್ನು ಗೇರುತೋಟದ ಮಾತಿಗೆ ಬರುತ್ತೇವೆ. ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಆದರೂ ಹೇಳಬೇಕು, ಏಕೆಂದರೆ ಎಳೆಯರು ಮರೆಯುತ್ತಿದ್ದಾರೆ.

ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಸಾವಿರಾರು ಎಕರೆಗಳಷ್ಟು ಹಬ್ಬಿವೆ. ಗೇರಿನ ಚಿಗುರು, ಹೂಗಳ ರಸ ಹೀರುವ ಒಂದು ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷ ಸುರಿಸಿದರು. ಗುಡ್ಡದ ಮೇಲೆ ತೋಟ, ತಪ್ಪಲಿನಲ್ಲಿ ಮನೆ, ಸುರಂಗದ ನೀರು, ತೋಡು, ಬಾವಿ. ಮೇಲಿನಿಂದ ಬಿದ್ದದ್ದು ಕೆಳಗೆ ಬಾರದೆ ಇರುತ್ತದೆಯೇ? ತೋಟದಲ್ಲಿ ವಿಷ ಕಲಸಿದವರೂ ಡಬ್ಬಿ ಹೊತ್ತವರೂ ನಮ್ಮವರೇ ಕೂಲಿಗಳು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಸ್ವರ್ಗ ಎಂಬ ಹೆಸರಿನ ಊರೇ ಉಂಟು. ಆ ಭಾಗದಲ್ಲಿ ಹುಟ್ಟುತ್ತಲೇ ಕೈಕಾಲು ಸೊಟ್ಟಗಾದ, ಬುದ್ಧಿ ಬೆಳೆಯದ, ಅಪಸ್ಮಾರದಿಂದ ನರಳುವ ಮಕ್ಕಳು ಇಷ್ಟೇಕೆ ಎಂದು ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಲೀಲಾಕುಮಾರಿ ಅಮ್ಮ ಎಂಬ ಹೆಂಗಸು ಕೋರ್ಟಿಗೆ ಹೋದರು. ಹೀಗೆ ಒಬ್ಬೊಬ್ಬರ ಕಷ್ಟ ಊರಿನ ಕಷ್ಟವೆಂದು ಗೊತ್ತಾಯಿತು. ನಮ್ಮ ಮೂರು ಮನೆಯ ನಿಯಮವನ್ನು ನಾವು ಕಲಿತದ್ದು ಇವರಿಂದಲೇ.

2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕು ಆಯೋಗ ಪರಿಹಾರ ಕೊಡಬೇಕೆಂದು ಹೇಳಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿ 10ರಂದು, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಅದೇ ಕೋರ್ಟು ಆಜ್ಞೆ ಮಾಡಿತು. ಮೂರು ತಿಂಗಳು ಹೋಗಿ ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ಮೊಕದ್ದಮೆ ಮತ್ತೆ ಕೋರ್ಟಿನ ಮುಂದೆ ಬಂದಾಗ 3,704 ಬಾಧಿತರಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ ಎಂಟೇ ಮಂದಿಗೆ ಎಂದು ತಿಳಿದು ನ್ಯಾಯಾಧೀಶರು ಸರ್ಕಾರವನ್ನು ಖಂಡಿಸಿದರು. ಅನಂತರವೇ ಹಣ ಹಂಚುವ ಕೆಲಸ ವೇಗವಾಗಿ ನಡೆದದ್ದು. ಆ ವರ್ಷದ ಅಕ್ಟೋಬರಿನಲ್ಲಿ ವೃದ್ಧೆ ದಯಾಬಾಯಿಯವರು ತಿರುವನಂತಪುರದಲ್ಲಿ ಈ ಜನರಿಗಾಗಿ ಉಪವಾಸ ಕುಳಿತರು. ಬಂಧುಗಳೇ, ಕೇಳದೆ ಯಾವುದೂ ಬರಲಿಲ್ಲ ಎಂಬುದನ್ನು ಈ ತಾರೀಖುಗಳೇ ಹೇಳುತ್ತವೆ. ಹಗಲಿರುಳು ನ್ಯಾಯಾಧಿಪತಿಯ ಬಾಗಿಲು ಬಿಡದ ವಿಧವೆಯ ಸಾಮತಿಯನ್ನು ನಾವು ಚರ್ಚಿನಲ್ಲಿ ಕೇಳಿದ್ದೇವೆ. ನಮ್ಮ ಜಿಲ್ಲೆಯ ತಾಯಂದಿರು ಅದನ್ನು ಬೀದಿಯಲ್ಲಿ ಮಾಡಿ ತೋರಿಸಿದರು.

ಹಣ ಬಂದರೆ ಎಲ್ಲವೂ ಮುಗಿಯಿತೇ? ನಮ್ಮ ವಠಾರದಲ್ಲಿ ಒಬ್ಬ ತಾಯಿ ಇದ್ದಾರೆ. ಮಗನಿಗೆ ಮೂವತ್ತು ದಾಟಿದೆ; ಮಲಗಿದಲ್ಲೇ ಇದ್ದಾನೆ. ಊಟ, ಸ್ನಾನ, ಮಗ್ಗುಲು ತಿರುಗಿಸುವುದು ಎಲ್ಲವೂ ತಾಯಿಯ ಕೈಯಿಂದಲೇ. ಪರಿಹಾರದ ಹಣ ಬಂದಿದೆ. ಅವರು ಕೇಳಿದ್ದು ಹಣವಲ್ಲ. “ನನಗೆ ಒಂದು ದಿನ ಜ್ವರ ಬಂದರೆ ಇವನಿಗೆ ನೀರು ಕೊಡುವವರು ಯಾರು? ನಾನು ಹೋದ ಮೇಲೆ ಇವನನ್ನು ನೋಡುವವರು ಯಾರು?” ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಭಾಗವನ್ನಾದರೂ ಹೊರೋಣವೆಂದು ಸರದಿ ಹಾಕಿಕೊಂಡೆವು. ವಾರಕ್ಕೆ ಎರಡು ಮಧ್ಯಾಹ್ನ ನಮ್ಮಲ್ಲಿ ಇಬ್ಬರು ಹೋಗಿ ಮಗನ ಬಳಿ ಕುಳಿತುಕೊಳ್ಳುತ್ತಾರೆ. ತಾಯಿ ಆ ಹೊತ್ತಿನಲ್ಲಿ ಪೇಟೆಗೆ ಹೋಗುತ್ತಾರೆ, ತಂಗಿಯ ಮನೆಗೆ ಹೋಗುತ್ತಾರೆ, ಕೆಲವು ದಿನ ಒಳಕೋಣೆಯಲ್ಲಿ ಸುಮ್ಮನೆ ನಿದ್ದೆ ಮಾಡುತ್ತಾರೆ. ಬಂದ ಮೊದಲ ವಾರ ಅವರು ನಿದ್ದೆ ಮಾಡಿದ್ದೇ ಹೆಚ್ಚು. ಈಗ ಇಂಥ ಮನೆಗಳು ನಾಲ್ಕು. ಸರದಿಗೆ ಜನ ಸಾಲದು. ಇದನ್ನು ಕೊನೆಯಲ್ಲಿ ಮತ್ತೆ ಕೇಳುತ್ತೇವೆ.

ಅರ್ಜಿಯ ಪುಸ್ತಕದಲ್ಲಿ ಈ ವಿಷಯವಾಗಿ ಎರಡು ಬೇಡಿಕೆ ಬರೆದಿದ್ದೇವೆ. ತಾಯಿತಂದೆ ಇಲ್ಲವಾದ ಮೇಲೆ ಇವರನ್ನು ನೋಡಿಕೊಳ್ಳಲು ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮವೊಂದನ್ನು ಸರ್ಕಾರವೇ ಯೋಜಿಸಿತು. ಅದು ಪೂರ್ತಿಯಾಗಿ, ರಾತ್ರಿಯೂ ಇರಿಸಿಕೊಳ್ಳುವ ಮನೆಯಾಗಿ ನಡೆಯಬೇಕು. ಎರಡನೆಯದು, ನರರೋಗದ ತಜ್ಞ ವೈದ್ಯರು ಜಿಲ್ಲೆಯೊಳಗೇ ನಿತ್ಯ ಸಿಗಬೇಕು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರ ನವೆಂಬರ್ 30ರಂದು. ಮಲಗಿದ ಮಗನನ್ನು ಎತ್ತಿಕೊಂಡು ರಾಜ್ಯ ದಾಟುವ ಪಾಡು ಇನ್ನೂ ತಪ್ಪದಿರುವುದನ್ನು ತಾವೇ ಕಾಣುತ್ತೀರಿ. ನಮ್ಮ ಆಟೋದ ಅಣ್ಣ ಕಳೆದ ವರ್ಷ ಇಂಥ ರೋಗಿಗಳನ್ನು ಬಸ್ ನಿಲ್ದಾಣದವರೆಗೆ, ಕೆಲವೊಮ್ಮೆ ಮಂಗಳೂರಿನವರೆಗೆ ಪೆಟ್ರೋಲಿನ ಹಣ ಮಾತ್ರ ತೆಗೆದುಕೊಂಡು ಕರೆದೊಯ್ದಿದ್ದಾರೆ. ಅವರ ಹೆಸರು ಹೇಳಬಾರದೆಂದು ಅವರೇ ತಾಕೀತು ಮಾಡಿದ್ದಾರೆ. ಸರಿ, ಹೇಳುವುದಿಲ್ಲ.

ಇನ್ನು ಭಾಷೆಯ ಮಾತು. ಬೀಡಿಗೂ ಆಸ್ಪತ್ರೆಗೂ ಭಾಷೆಗೂ ಏನು ಸಂಬಂಧ ಎಂದು ಕೆಲವರು ನಮ್ಮನ್ನು ಕೇಳಿದ್ದುಂಟು. ಸಂಬಂಧ ಹೀಗಿದೆ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಹಿರಿಯರು ಮಾಡಿದ್ದಾರೆ, ಮಹಾಜನ ಆಯೋಗವೂ 1967ರಲ್ಲಿ ತನ್ನ ಮಾತು ಹೇಳಿದೆ. ನಮ್ಮ ಸಮಿತಿ ಆ ಚರ್ಚೆಗೆ ಹೋಗುವುದಿಲ್ಲ. ನಮ್ಮ ಪ್ರಶ್ನೆ ಚಿಕ್ಕದು: ಕಚೇರಿಯಿಂದ ಬಂದ ಕಾಗದವನ್ನು ಓದಲಾರದ ಅಜ್ಜಿ ಏನು ಮಾಡಬೇಕು? ಕಳೆದ ವರ್ಷ ಸೇವೆಯ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರೆದದ್ದು ಒಂದೇ ವಾಕ್ಯ: ಕಾಗದ ಓದಿ ಹೇಳಿದೆವು. ಒಬ್ಬರಿಗೆ ಪಿಂಚಣಿಗೆ ವರಮಾನದ ದಾಖಲೆ ಕೊಡಿ ಎಂದು ಕಾಗದ ಬಂದಿತ್ತು. ಓದಲು ಬಾರದೆ ಅದನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ನಾವು ನೋಡುವಾಗ ವಾಯಿದೆ ಮುಗಿದಿತ್ತು. ಹಕ್ಕು ಇತ್ತು, ಹಣವೂ ಇತ್ತು. ಓದಲು ಬಾರದ ಅಕ್ಷರ ನಡುವೆ ಗೋಡೆಯಾಗಿ ನಿಂತಿತು.

ಇದಕ್ಕೆ ಕಾನೂನು ಇಲ್ಲವೇ? ಉಂಟು. ತನ್ನ ಕಷ್ಟವನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. 1969ರ ಕೇರಳದ ಅಧಿಕೃತ ಭಾಷೆಗಳ ಕಾನೂನು ಇನ್ನೂ ಮುಂದೆ ಹೋಗಿ, ತಮಿಳು ಹಾಗೂ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಹೇಳಿದೆ. ಇದು ಕೇರಳ ಸರ್ಕಾರವೇ ಮಾಡಿದ ಕಾನೂನು. ಇದನ್ನು ಕೇಳಿದರೆ ಮಲಯಾಳಕ್ಕೆ ದ್ರೋಹವಾಗುವುದಿಲ್ಲ. ನಮ್ಮ ಸಮಿತಿಯಲ್ಲಿ ಮಲಯಾಳ ಮನೆಮಾತಿನವರು ಇಬ್ಬರಿದ್ದಾರೆ. ನಮ್ಮ ಅರ್ಜಿಗಳ ಮಲಯಾಳ ಪ್ರತಿಯನ್ನು ಬರೆದುಕೊಡುವವರೂ ಅವರೇ.

ಕಳೆದ ವರ್ಷ ಜುಲೈಯಲ್ಲಿ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟೆವು: ತಮ್ಮಲ್ಲಿ ಕೊಡುವ ಪಿಂಚಣಿಯ ಫಾರಮುಗಳನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಿರಿ ಎಂದು. ಉತ್ತರ ಮಲಯಾಳದಲ್ಲಿ ಬಂತು. ನಾವು ಜಗಳವಾಡಲಿಲ್ಲ. 1969ರ ಕಾನೂನಿನ ಹೆಸರನ್ನು ಬರೆದು, ಉತ್ತರವನ್ನು ಕನ್ನಡದಲ್ಲಿ ದಯಪಾಲಿಸಬೇಕೆಂದು ಅದೇ ಕಾಗದದ ಪ್ರತಿಯೊಡನೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ತಿಂಗಳಾದರೂ ಬರಲಿಲ್ಲ. ಮಾಹಿತಿ ಹಕ್ಕಿನ ಕಾನೂನಿನಂತೆ 10 ರೂಪಾಯಿ ಶುಲ್ಕ ಕಟ್ಟಿ, ನಮ್ಮ ಅರ್ಜಿ ಈಗ ಯಾರ ಮೇಜಿನ ಮೇಲಿದೆ ಎಂದು ಕೇಳಿದೆವು. ಅದಕ್ಕೆ ಅವರು 30 ದಿನದೊಳಗೆ ಉತ್ತರಿಸಲೇಬೇಕು. ಅಕ್ಟೋಬರಿನಲ್ಲಿ ಕನ್ನಡದಲ್ಲಿ ಒಂದು ಪುಟದ ಉತ್ತರ ಬಂತು. ಅಕ್ಷರ ಸ್ವಲ್ಪ ಓರೆಕೋರೆ, ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ಕಚೇರಿಯಲ್ಲಿ ಕನ್ನಡ ಬಲ್ಲ ಯಾರೋ ಪುಣ್ಯಾತ್ಮರು ಶ್ರಮಪಟ್ಟು ಬರೆದಿದ್ದರು. ಫಾರಮಿನ ಕನ್ನಡ ಪ್ರತಿಯನ್ನು ಮೇಲಿನವರಿಗೆ ಶಿಫಾರಸು ಮಾಡಿದ್ದೇವೆ, ಅಷ್ಟರವರೆಗೆ ವಾರಕ್ಕೆ ಒಂದು ದಿನ ಕನ್ನಡ ಬಲ್ಲ ನೌಕರರನ್ನು ವಿಚಾರಣೆಯ ಮೇಜಿನಲ್ಲಿ ಕೂರಿಸುತ್ತೇವೆ ಎಂದು ಅದರಲ್ಲಿತ್ತು. ಈಗ ಬುಧವಾರ ಅಲ್ಲಿ ಅವರು ಕೂರುತ್ತಾರೆ. ಆ ಕಾಗದವನ್ನು ನಾವು ಹಲವು ಮನೆಗಳ ಅಂಗಳದಲ್ಲಿ ಗಟ್ಟಿಯಾಗಿ ಓದಿದ್ದೇವೆ. ಒಬ್ಬ ಅಜ್ಜಿ ಇನ್ನೊಂದು ಸಲ ಓದಿ ಎಂದು ಹೇಳಿ ಕೇಳಿಸಿಕೊಂಡರು.

ಶಾಲೆಯ ವಿಷಯ ಚುಟುಕಾಗಿ ಹೇಳುತ್ತೇವೆ. ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ರಾಜ್ಯಗಳು ನೋಡಿಕೊಳ್ಳಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವುದು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಕಳೆದ ಜೂನಿನಲ್ಲಿ ಹತ್ತಿರದ ಒಂದು ಶಾಲೆಯಲ್ಲಿ ಹಾಗಾಯಿತು. ಬಂದವರು ಒಳ್ಳೆಯ ಹುಡುಗಿ. ಪಾಠ ಹೇಳಲು ಅವಳಿಗೂ ಕಷ್ಟ, ಕೇಳಲು ಮಕ್ಕಳಿಗೂ ಕಷ್ಟ. ತಾಯಿತಂದೆಯರು ರುಜು ಹಾಕಿ ಮೇಲಿನವರಿಗೆ ಬರೆದರು, ನಾವು ಜೊತೆಗೆ ಹೋದೆವು. ಯಾರೂ ಅವಳ ವಿರುದ್ಧ ಒಂದು ಮಾತನ್ನೂ ಆಡಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಅವಳೂ ಕೆಲಸಕ್ಕಾಗಿ ಮನೆಬಿಟ್ಟು ಬಂದವಳು. ತಾತ್ಕಾಲಿಕವಾಗಿ ಕನ್ನಡ ಬಲ್ಲ ಅಧ್ಯಾಪಕರೊಬ್ಬರು ಬಂದಿದ್ದಾರೆ. ಕಾಯಂ ಆಗಿಲ್ಲ. ನಮ್ಮ ಮಾಸ್ತರರು ಶನಿವಾರ ಆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ.

ಕೊನೆಯದಾಗಿ ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನಂತೆ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಬಂದರೆ ಕೋರಂ. ನೂರಕ್ಕೆ ಹತ್ತು ಮಂದಿಯೂ ಬಾರದೆ, ಬಂದವರೂ ರುಜು ಹಾಕಿ ಹೊರಟುಹೋಗಿ, ಆಮೇಲೆ ನಮಗೇನೂ ಸಿಗಲಿಲ್ಲ ಎಂದು ಚಹಾದ ಅಂಗಡಿಯಲ್ಲಿ ದೂರುವುದರಿಂದ ಏನು ಪ್ರಯೋಜನ? ಕಳೆದ ವರ್ಷ ಸಭೆಗೆ ಮುಂಚಿನ ದಿನ ನಾವು ಮನೆಮನೆಗೆ ಹೋಗಿ ಹೇಳಿದೆವು. ಹೆಂಗಸರು ಬೀಡಿಯ ಗೆರಸೆಯನ್ನು ಬದಿಗಿಟ್ಟು ಬಂದರು. ನಡೆದ ನಿರ್ಣಯವನ್ನು ಕನ್ನಡದಲ್ಲಿಯೂ ಓದಿ ಹೇಳಬೇಕೆಂದು ಕೇಳಿದಾಗ ಯಾರೂ ಬೇಡವೆನ್ನಲಿಲ್ಲ. ಡಿಸೆಂಬರಿನ ಪಂಚಾಯತು ಚುನಾವಣೆಯಲ್ಲಿ ನಿಂತವರೆಲ್ಲರ ಬಳಿಗೂ ಪಕ್ಷ ನೋಡದೆ ಹೋಗಿ ನಮ್ಮ ಅರ್ಜಿಯ ಪುಸ್ತಕವನ್ನು ತೆರೆದು ತೋರಿಸಿದೆವು. ಎಲ್ಲರೂ ಹೂಂ ಎಂದಿದ್ದಾರೆ. ಹೂಂ ಎಂದದ್ದನ್ನೂ ಅದೇ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇವೆ.

ಸೇವೆ ಮಾಡುವವರು ಸೇವೆ ಮಾಡಿಕೊಂಡಿರಲಿ, ಅರ್ಜಿ ಹೋರಾಟ ಯೂನಿಯನಿನವರಿಗೆ ಬಿಡಲಿ ಎಂದು ಹಿತೈಷಿಗಳು ನಮಗೆ ಬುದ್ಧಿ ಹೇಳಿದ್ದಾರೆ. ಅವರ ಮೇಲೆ ನಮಗೆ ಗೌರವವಿದೆ. ಆದರೆ ಬೆರಳು ಸವೆದ ಅಕ್ಕನಿಗೆ ಪ್ರತಿವರ್ಷ ನಾವೇ ಮೊಬೈಲು ಹಿಡಿದು ಕೂತರೆ, ಅಕ್ಕ ನಮಗೆ ಋಣಿಯಾಗುತ್ತಾರೆ. ಕಚೇರಿ ಹಾಗೆಯೇ ಉಳಿಯುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಬರೀ ಅರ್ಜಿ ಬರೆಯುತ್ತ ಕೂತರೆ ಆ ಮೂರು ತಿಂಗಳು ಅಕ್ಕ ಉಣ್ಣುವುದು ಏನನ್ನು? ಆದುದರಿಂದ ಎರಡು ಪುಸ್ತಕಗಳನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ನಡೆಯುತ್ತೇವೆ. ಸೇವೆಯ ಪುಸ್ತಕ ವರ್ಷವರ್ಷಕ್ಕೆ ತೆಳುವಾಗುತ್ತ ಬರಬೇಕು ಎಂಬುದೇ ನಮ್ಮ ಆಸೆ.

ತಮ್ಮಿಂದ ಬೇಕಾದದ್ದು ಇಷ್ಟು. ಮಲಗಿದ ಮಕ್ಕಳಿರುವ ನಾಲ್ಕು ಮನೆಗಳ ಸರದಿಗೆ ಇನ್ನೂ ಆರು ಮಂದಿ ಬೇಕು. ವಾರಕ್ಕೆ ಒಂದು ಮಧ್ಯಾಹ್ನ ಕೊಟ್ಟರೆ ಸಾಕು. ಕನ್ನಡ ಮತ್ತು ಮಲಯಾಳ ಎರಡನ್ನೂ ಓದಿ ಬರೆಯಬಲ್ಲ ಯುವಕ ಯುವತಿಯರು ಇಬ್ಬರಾದರೂ ಮುಂದೆ ಬರಬೇಕು. ಮೂರು ತಿಂಗಳಿಗೊಮ್ಮೆ ನಡೆಯುವ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರು ಬರಬೇಕು, ಕೊನೆಯವರೆಗೆ ಕೂರಬೇಕು.

ಬರುವ ತಿಂಗಳ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಚಪ್ಪರದಲ್ಲಿ ನಾವು ಕೂರುತ್ತೇವೆ. ಎಲ್ಲ ಮತದವರೂ ಬರಬಹುದು. ಬೀಡಿಯ ಹಳೆಯ ಪಾಸ್ ಪುಸ್ತಕ, ಆಧಾರ್, ಬ್ಯಾಂಕಿನ ಪುಸ್ತಕ ತನ್ನಿ. ಪಿಂಚಣಿದಾರರು ಜೀವನ ಪ್ರಮಾಣ ಕೊಟ್ಟ ತಾರೀಖನ್ನು ನೋಡಿಕೊಂಡು ಬನ್ನಿ. ಬೀಡಿ ಪಿಂಚಣಿಯವರಿಗೆ ಅದು ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಕಚೇರಿಯಿಂದ ಬಂದ, ಓದಲು ಬಾರದ ಕಾಗದ ಯಾರ ಮನೆಯಲ್ಲಾದರೂ ದೇವರ ಪಟದ ಹಿಂದೆ ಇದ್ದರೆ ಅದನ್ನು ಮೊದಲು ತನ್ನಿ.